ರಶೀದಿ

ಹಾಸನದ ಎಸ್ಪಿ ಆಫೀಸು, ಮೂಲೆಯ ಕೊಠಡಿ.
ಗುಮಾಸ್ತರು ಕೇಳಿದರು: ರಶೀದಿ ಎಲ್ಲಮ್ಮ?
ಪಕ್ಕದಲ್ಲಿ ನಿಂತಿದ್ದ ಗಂಡನನ್ನು ತೋರಿಸಿದೆ.
ಅವನ ಹೆಸರೇ ಅದು. ಅವರ ಕಡೆ ಹತ್ತರಲ್ಲಿ ಒಬ್ಬ ರಶೀದಿ.
ಈ ರಶೀದಿ ಅಲ್ಲ, ಕಾಗದದ್ದು, ಎಂದರು.
ಅವರು ನಗಲಿಲ್ಲ, ನಾವೂ ನಗಲಿಲ್ಲ.
ಅರಸೀಕೆರೆಯ ಪ್ಯಾಸೆಂಜರಿನಲ್ಲಿ
ಬಾಗೇಶಪುರ ದಾಟಿದ ಮೇಲೆ ಇಬ್ಬರಿಗೂ ಒಮ್ಮೆಗೇ ನಗು ಹತ್ತಿ
ಎದುರು ಸೀಟಿನ ಮುದುಕಿ ಸೆರಗು ಬಿಗಿ ಮಾಡಿಕೊಂಡಳು.

ಟಾಂಗಾ ಅವನ ಊರು. ಕಡಲು, ದಂಡೆಯುದ್ದಕ್ಕೂ ತೆಂಗು.
ತುರಿಮಣೆಗೆ ಅಲ್ಲಿ ಮೇಕೆ ಅಂತಾರೆ.
ಮೇಕೆಯ ಮೇಲೆ ಕೂತು ಅವನಮ್ಮ ಕಾಯಿ ತುರಿಯುತ್ತಾಳೆ.
ಇವನು ಫಾರ್ಮಸಿ ಓದಲು ಹಾಸನಕ್ಕೆ ಬಂದವನು,
ನಾನು ಎಪಿಎಂಸಿಯಲ್ಲಿ ತೂಕದ ಚೀಟಿ ಬರೆಯುವವಳು.
ಉಳಿದದ್ದೆಲ್ಲ ಅರ್ಜಿಯಲ್ಲಿದೆ,
'ಪರಿಚಯವಾದ ಬಗೆ' ಎಂಬ ಅಂಕಣದಲ್ಲಿ,
ಐನೂರು ಅಕ್ಷರ ಮೀರದಂತೆ.

ಮದುವೆಗೆ ಮುಂಚೆ ನಮ್ಮ ಹೆಸರು
ರಿಜಿಸ್ಟ್ರಾರ್ ಕಚೇರಿಯ ಹಲಗೆಯ ಮೇಲೆ
ಮೂವತ್ತು ದಿನ ಬಿಸಿಲು ಕಾಯಿಸಿತು.
ಆಕ್ಷೇಪಣೆ ಇದ್ದವರು ಬರೆದು ಕೊಡಬಹುದಿತ್ತು.
ಅಮ್ಮನಿಗೆ ಬರೆಯಲು ಬರುವುದಿಲ್ಲ.

ಜೋಡಿ ಫೋಟೊ ಬೇಕೆಂದರು, ಹಿನ್ನೆಲೆ ಬಿಳಿ.
ಸ್ಟುಡಿಯೋದ ಹುಡುಗ ಉಪಕಾರವೆಂದುಕೊಂಡೇ
ಇವನ ಮುಖಕ್ಕೆ ನಾಲ್ಕು ಸುತ್ತು ಬೆಳಕು ಬಳಿದ.
ಅರ್ಜಿ ತಿರುಗಿ ಬಂತು:
ಚಿತ್ರವು ವ್ಯಕ್ತಿಯನ್ನು ಹೋಲುತ್ತಿಲ್ಲ.

ಇರಬಹುದು, ದುಡಿಯುವಂತಿಲ್ಲ.
ವೀಸಾದ ಮೇಲೆ ಅಷ್ಟೇ ಬರೆದಿದೆ, ಮುದ್ರೆ ಒತ್ತಿ.
ಬಿ.ಎಚ್. ರಸ್ತೆಯ ಮೆಡಿಕಲ್ಸಿನವರು ನಾಳೆಯೇ ಬಾ ಎಂದಿದ್ದರು.
ಈಗ ಬೀದಿಯ ಮುದುಕರು ಮಾತ್ರೆಯ ಪಟ್ಟಿ ಹಿಡಿದು
ಕತ್ತಲಾದ ಮೇಲೆ ಹಿತ್ತಿಲಿಗೆ ಬರುತ್ತಾರೆ.
ಊಟಕ್ಕೆ ಮುಂಚೆ, ಊಟ ಆದ ಮೇಲೆ, ಎಂದು
ಕಳ್ಳಮಾಲು ಮಾರುವವನ ಹಾಗೆ ಪಿಸುಗುಡುತ್ತಾನೆ.
ಹಗಲೆಲ್ಲ ನೆಟ್ಟ ಹಾರೆಯ ಮುಂದೆ ನಿಂತು ಕಾಯಿ ಸುಲಿಯುತ್ತಾನೆ.
ಮೂರು ಪೆಟ್ಟಿಗೆ ಮಟ್ಟೆ ಬೇರೆ, ಕಾಯಿ ಬೇರೆ.
ಅಮ್ಮ ಅದನ್ನು ನೋಡುತ್ತಾಳೆ. ಅವನನ್ನು ನೋಡುವುದಿಲ್ಲ.
ಒಂದೂವರೆ ವರ್ಷದಿಂದ ತಟ್ಟೆ ಇಡುತ್ತಾಳೆ,
ಮಾತು ಇಡುವುದಿಲ್ಲ.

ಉಂಡೆ ಕೊಬ್ಬರಿ ಆಗಬೇಕಾದರೆ
ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಕೂತಿರಬೇಕು,
ಒಳಗಿನ ನೀರು ತಾನಾಗಿಯೇ ಇಂಗಬೇಕು.
ಅವಸರಪಟ್ಟು ಒಡೆದೆಯೋ, ಕೌಟು.
ಇದನ್ನು ಗುಮಾಸ್ತರಿಗೆ ಹೇಳಲೇ ಎಂದುಕೊಂಡೆ.
ಅವರ ಅಟ್ಟದ ಮೇಲೆ ಎಷ್ಟು ಸಾವಿರವೋ.

ಶುಕ್ರವಾರ ತನಿಖೆಗೆ ಬಂದವರು
ಹೆಡ್ ಕಾನ್‌ಸ್ಟೆಬಲ್ ಪುಟ್ಟಮಾದಯ್ಯ.
ಬಚ್ಚಲಿನ ಬ್ರಷ್ಷು ಎಣಿಸಿದರು.
ಒಂದೇ ಮಂಚವೇ? ಎಂದು ಕೇಳಿ
ತಾವೇ ನಾಚಿ ಕಿಟಕಿಯ ಕಡೆ ತಿರುಗಿದರು.
ಆಮೇಲೆ ಹಿತ್ತಿಲಿಗೆ ಬಂದು ಅಮ್ಮನನ್ನು ಕೇಳಿದರು:
ಇವನು ಯಾರು, ಅಮ್ಮಾ?

ಅಮ್ಮ ನಾರು ಕೊಡವುತ್ತ ಅಂದಳು:
ನಮ್ಮನೇಲಿ ಕಾಯಿ ಸುಲಿಯೋನು.

ಪೆನ್ನು ನಿಂತಿತು.
ನನ್ನ ಎದೆಯೂ ನಿಂತಿತು.
ಕೂಲಿ ಎಷ್ಟು ಕೊಡ್ತೀರಿ?

ಅಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು,
ಬುದ್ಧಿ ತುಸು ಕಮ್ಮಿ ಇರುವ ನೆಂಟನನ್ನು ನೋಡುವಂತೆ:
ಅಳಿಯನಿಗೆ ಯಾರಾದ್ರೂ ಕೂಲಿ ಕೊಡ್ತಾರೇನಪ್ಪ?

ಏನು ಬರೆದುಕೊಂಡರೋ.
ಕಾಗದ ನಮ್ಮ ಕಡೆ ತಿರುಗಿರಲಿಲ್ಲ.
ಎರಡು ಉಂಡೆ ಕೊಬ್ಬರಿ ಬ್ಯಾಗಿಗೆ ಹಾಕಿಕೊಂಡು
ಮೇಲಿನವರು ನೋಡಬೇಕು, ಎಂದು ಬೈಕು ಹತ್ತಿದರು.
ನಿನ್ನೆಯೂ ಮೊಬೈಲಿನಲ್ಲಿ 'ಪರಿಶೀಲನೆಯಲ್ಲಿದೆ' ಎಂದೇ ಇತ್ತು.

ಅವತ್ತು ಬೈಕಿನ ಸದ್ದು ಕರಗಿದ ಮೇಲೆ
ಅಮ್ಮ ಕಾಲಿನಿಂದಲೇ ಒಂದು ಕಾಯಿ ಅವನತ್ತ ಉರುಳಿಸಿದಳು.
ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ.
ಇನ್ನೂ ನೀರಿದೆ, ಅಂದ, ಒಡ್ಡೊಡ್ಡಾದ ಕನ್ನಡದಲ್ಲಿ.

ಮೇಲಿಡು ಹಾಗಾದ್ರೆ, ಅಂದಳು.