ಎಡಗಾಲಿನ ಅಳತೆ

ನಿನ್ನೆ ಕೋಟೆ ಮೆಟ್ಟಿಲು ಹತ್ತಿದೆ, ನೂರಾ ಹತ್ತರ ತನಕ.
ಇವತ್ತು ನೋವು. ಎಡ ಮೀನಖಂಡಕ್ಕೆ ಮಾತ್ರ.
ಬಲಗಾಲು ಏನೂ ನಡೆದೇ ಇಲ್ಲವೆಂಬಂತೆ
ಚಾದರದೊಳಗೆ ನಿದ್ದೆ ಹೊಡೆಯುತ್ತಿದೆ.

ಎರಡೂ ಹತ್ತಿದ್ದು ಅದೇ ಮೆಟ್ಟಿಲಲ್ಲವೆ?

ಹೋದ ಮಾಘದಲ್ಲೂ ಹೀಗೇ ಶುರುವಾದದ್ದು.
ಸಣ್ಣದೊಂದು ಹಿಡಿತ.
"ಕುಂತು ಕುಂತು ವಾಯು ಹಿಡದೈತಿ" ಅಂದಳು
ಮಂಡಕ್ಕಿ ಬಂಡಿಯ ಎರ್ರೆಮ್ಮ, ಬೇವಿನೆಣ್ಣೆ ಕಾಯಿಸಿ ತಂದಳು.
ತಿಕ್ಕಿದೆ. ಎರಡು ದಿನ ತಿಕ್ಕಿದೆ.
ಮೂರನೇ ದಿನ ಕಾಲು ಊದಿ ಮಿರುಗುವ ಬದನೆಕಾಯಿ.
ವಿಮ್ಸಿನಲ್ಲಿ ತಣ್ಣನೆಯ ಜೆಲ್ ಸವರಿ
ಪರದೆ ನೋಡುತ್ತಿದ್ದ ಡಾಕ್ಟರಮ್ಮ ಮಾತು ನಿಲ್ಲಿಸಿದರು.
ಆಮೇಲೆ ಮೆಲ್ಲಗೆ, "ಇದನ್ನ ತಿಕ್ಕಿದ್ರಾ?"

ಹೆಪ್ಪು.
ನಾನು ದಿನಾ ರಾತ್ರಿ ಹಾಲಿಗೆ ಹಾಕುವ ಶಬ್ದ,
ತಟ್ಟೆ ಮುಚ್ಚಿ, ಅಲುಗಿಸದೆ ಇಟ್ಟು ಮಲಗುವ ಶಬ್ದ.

ಹದಿನಾರು ವರ್ಷ ಕೌಲ್ ಬಜಾರಿನ ಶೆಡ್ಡಿನಲ್ಲಿ
ಜೀನ್ಸಿನ ಪಕ್ಕೆ ಹೊಲಿದಿದ್ದೇನೆ.
ಪೆಡಲ್ ಒತ್ತುವುದು ಬಲಗಾಲು.
ಎಡದ್ದಕ್ಕೆ ಕೆಲಸವಿಲ್ಲ, ಸ್ಟೂಲಿನಡಿ ಮಡಚಿಕೊಂಡು ಕೂತಿರುವುದು,
ಹಾಜರಿಯಲ್ಲಿ ಮಾಸ್ತರು ಹೆಸರು ಕೂಗದ ಹುಡುಗಿಯ ಹಾಗೆ.
ದುಡಿದದ್ದು ಸವೆಯುತ್ತದೆ ಅಂದುಕೊಂಡಿದ್ದೆ.
ಕೆಟ್ಟದ್ದು, ಕೂತದ್ದು.

ಆಮೇಲೆ ಗುಳಿಗೆ. ಪುಂಡಿಪಲ್ಯಕ್ಕೂ ಲೆಕ್ಕ.
ಕತ್ತರಿ ತುದಿ ತಾಗಿದರೆ ಸಾಕು, ನಿಲ್ಲದ ನೆತ್ತರು.
ನೀಲಿ ಡೆನಿಮ್ಮಿನ ಮೇಲೆ ಅದು ಕೆಂಪಲ್ಲ, ಬರೀ ಒದ್ದೆ.
ಏಪ್ರಿಲ್ಲಿನ ಬಳ್ಳಾರಿಯಲ್ಲಿ ತೊಡೆತನಕ ಬಿಗಿ ಕಾಲುಚೀಲ:
ಅದನ್ನು ಹೊಲಿದವರು ಈ ಊರಿಗೆ ಬಂದವರಲ್ಲ.

ಮೊನ್ನೆ ಡಾಕ್ಟರಮ್ಮ ಅಂದರು, "ಇನ್ನ ನಡೀರಿ. ಮೆಟ್ಲ ಹತ್ರಿ.
ಸುಮ್ನೆ ಕುಂತಿದ್ದ ಕಾಲು, ನೋವು ಬರತೈತಿ. ಬರಲಿ.
ಬಾವು ಬಂದ್ರ, ಬಿಸಿ ಆದ್ರ, ಉಸಿರು ಕಟ್ಟಿದ್ರ
ಓಡಿ ಬರ್ರಿ."
ಓಡಿ ಅಂದರು. ಇಬ್ಬರಿಗೂ ನಗು ಬಂತು.

ಈಗ ಐದು ಗಂಟೆ. ಮುಟ್ಟಿ ನೋಡುತ್ತೇನೆ:
ಬಿಸಿಯೇ? ಅಥವಾ ನನ್ನ ಅಂಗೈ ತಣ್ಣಗಿದೆಯೇ?
ಆ ನೋವು ಕೂತರೂ ನಿಂತರೂ ಒಂದೇ ರಾಗ.
ಇದು ಮೊದಲ ಹೆಜ್ಜೆಗೆ ಚೀರುತ್ತದೆ,
ಒಲೆತನಕ ಹೋಗುವಷ್ಟರಲ್ಲಿ ಗೊಣಗಾಟ.
ಗಂಜಿ ಬಿಡದ ಹೊಸ ಬಟ್ಟೆ ಇರಬಹುದು.
ಇರಬಹುದು ಅಂತ ಎಣ್ಣೆಯನ್ನೂ ತಿಕ್ಕಿದ್ದೆ.

ಮೊಳೆಯಿಂದ ಟೇಪು ಇಳಿಸಿದೆ.
ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು, ಚಾಕಿನ ಗೆರೆ.
ಬಲ: ಹದಿಮೂರು.
ಎಡ: ಹದಿಮೂರೂ ಕಾಲು. ಹೋದ ತಿಂಗಳಷ್ಟೇ.
ಕಾಲಿಗೆ ಕಾಲಿಂಚು ಫರಕು.
ನಮ್ಮ ಧಂದೆಯಲ್ಲಿ ಅದು ತಪ್ಪಲ್ಲ,
ಎರಡು ಸಲ ಒಗೆದರೆ ಯಾರಿಗೂ ಗೊತ್ತಾಗುವುದಿಲ್ಲ.
ಆದರೂ ಮತ್ತೊಮ್ಮೆ ಅಳೆದೆ.

ಗಾದಿಲಿಂಗ ಎದ್ದು ಕಣ್ಣುಜ್ಜುತ್ತ ಕೇಳಿದ,
"ಯಾರ ಅಳತಿ ಅವ್ವಾ, ಇಷ್ಟೊತ್ತಿನ್ಯಾಗ?"
"ನಂದ."
"ಪ್ಯಾಂಟ್ ಹೊಲ್ಕೊಂತಿಯೇನು?"
"ಹೂಂ, ಒಂದ ಕಾಲಿಂದು" ಅಂದೆ.
ಅವನು ಮತ್ತೆ ಮಗ್ಗುಲಾದ.
ನಾನು ಎದ್ದೆ, ಎಡಗಾಲು ಮೊದಲು.