ಎರಡು ಮೊಳೆ

ಮುಹರ್ರಕ್ಕಿನ ಹಳೇ ಪೇಟೆ, ಹಲ್ವಾ ಅಂಗಡಿಯ ಹಿಂದಿನ ಓಣಿ.
ಮಧ್ಯಾಹ್ನದ ಬಾಂಗಿಗೆ ಮೊದಲೇ
ದುಆಯ್ಜ್ ಮುದುಕ ಬಂದ, ಕಂಕುಳಲ್ಲಿ ಎರಡು ಹಾಳೆ.
ಮಗ ಹರಾಜಿನಲ್ಲಿ ಹಿಡಿದದ್ದಂತೆ.
ಯಾವುದೋ ಹಡಗು, ಯಾವುದೋ ರಾಜನ ಖರ್ಚು,
ಕೊಲ್ಲಿಯ ಆಳ ಅಳೆಯಲು ಬಂದವರ ಜೊತೆ
ಚಿತ್ರ ಬರೆಯಲೆಂದೇ ಸಂಬಳದ ಮೇಲೆ ಒಬ್ಬ.

ಮೊದಲನೆಯದು ಅಚ್ಚು. ತಾಮ್ರದ ತಗಡಿನಿಂದ ಇಳಿದದ್ದು.
ಕೆಳಗೆ ಬಳುಕುವ ಅಕ್ಷರ:
ಮುತ್ತಿನ ಮುಳುಗುಗಾರ, ಈ ಕರಾವಳಿಯ ಮೂಲನಿವಾಸಿ.
ಏನು ನಿಲುವು!
ಕಡೆದ ಮೀನಖಂಡ, ಹರವಾದ ಎದೆ, ಕೈಯಲ್ಲೊಂದು ಭರ್ಜಿ,
ಹಿಂದೆ ತೆಂಗಿನ ಮರ.
ನಾನು ಗಂಗೊಳ್ಳಿಯವ, ತೆಂಗು ನನಗೆ ಗೊತ್ತು;
ಈ ಊರಿನದು ಖರ್ಜೂರ.

"ಭರ್ಜಿ ಯಾಕೆ?" ಅಂದೆ.
"ಸಿಂಪಿ ಓಡಿಹೋಗುತ್ತದಲ್ಲ," ಅಂದ ಮುದುಕ. ನಗಲಿಲ್ಲ.

ಆ ಕಾಲು ಎಲ್ಲೋ ಕಂಡ ಕಾಲು.
ಹದಿನೇಳು ವರ್ಷ ಕಟ್ಟು ಹಾಕಿದವನಿಗೆ
ಮುಖ ಮರೆಯುತ್ತದೆ, ಅಳತೆ ಮರೆಯುವುದಿಲ್ಲ.
ಹೋದ ರಂಜಾನಿನಲ್ಲಿ ಹೋಟೆಲಿನವರು ಕಟ್ಟಿಸಿದ್ದು,
ದಕ್ಷಿಣ ಸಾಗರದ ಯಾವುದೋ ದ್ವೀಪದವನು:
ಅವನಿಗೂ ಹಿಮ್ಮಡಿಯಿಂದ ಮಂಡಿಗೆ ಇದೇ ಮೂರೂಕಾಲು ಇಂಚು,
ಇದೇ ಭರ್ಜಿ. ತಲೆಗೆ ಮಾತ್ರ ಗರಿ.
ಕೊರೆದವನು ಹಡಗು ಹತ್ತಿರಲಿಕ್ಕಿಲ್ಲ;
ಅವನ ಬಳಿ ಒಂದು ಜೊತೆ ಕಾಲಿತ್ತು,
ಯಾವ ದಡಕ್ಕೆ ಬೇಕೋ ಆ ದಡದಲ್ಲಿ ನಿಲ್ಲಿಸುತ್ತಿದ್ದ.

ಎರಡನೆಯದು ಸೀಸದಕಡ್ಡಿಯದು. ಅಂಗೈಯಗಲ.
ಉಪ್ಪುಗಾಳಿಗೆ ಹಾಳೆ ಚಹಾ ಬಣ್ಣಕ್ಕೆ ತಿರುಗಿದೆ.
ದೋಣಿಯಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತವನು,
ಮೂಗಿನ ಚಿಮಟ ಕೊರಳಿಗೆ ಜಾರಿದೆ,
ಕಣ್ಣು ಮುಚ್ಚಿದೆ, ಬೆರಳಿಗೆ ತೊಗಲ ಕವಚ.
ಮುಖವನ್ನು ಮೂರು ಸಲ ಬರೆದು ಅಳಿಸಿದ್ದಾನೆ.
ಅಂಚಿನಲ್ಲಿ ಬರೆದವನ ಭಾಷೆ, ಮಗ ಯಾರಿಂದಲೋ ಓದಿಸಿ ತಂದದ್ದು:
ನಿಲ್ಲು ಅಂದರೆ ನಿಲ್ಲುವುದಿಲ್ಲ. ಕೆಮ್ಮುತ್ತಾನೆ.
ಒಂದು ಬಿಸ್ಕತ್ತು ಕೊಟ್ಟೆ.

ದುಆಯ್ಜ್ ಬಗ್ಗಿ ನೋಡಿದ, ಬಹಳ ಹೊತ್ತು.
ಕಿವಿಯ ಹತ್ತಿರ ಒಂದು ಕಪ್ಪು ಗೆರೆ;
ನೆರಳೆಂದುಕೊಂಡಿದ್ದೆ ನಾನು.
"ರಕ್ತ," ಅಂದ. "ಹನ್ನೆರಡು ಮಾರು ಇಳಿದರೆ ಬರುತ್ತದೆ.
ನನ್ನಜ್ಜನಿಗೆ ಎಡಗಿವಿ ಇರಲಿಲ್ಲ. ಅಂದರೆ, ಇತ್ತು, ಕೇಳುತ್ತಿರಲಿಲ್ಲ.
ಹಗ್ಗ ಎಳೆಯುವವನ ಹಾಡು ಬಲಗಿವಿಗೆ ಮಾತ್ರ."

ನಮ್ಮ ಹೊಳೆಯಲ್ಲೂ ಮಳಿ ಹೆಕ್ಕುವವರಿದ್ದರು,
ಕುತ್ತಿಗೆಮಟ್ಟ ನೀರು, ಸಂಜೆಗೆ ಅವರ ಬೆರಳು ನೆಂದ ಅವಲಕ್ಕಿ.
ಅವರನ್ನು ಯಾರೂ ಬರೆಯಲಿಲ್ಲ. ಒಳ್ಳೆಯದಾಯಿತೋ ಏನೋ.
ನನ್ನ ಗುರುತಿನ ಚೀಟಿಗೆ ಫೋಟೋ ತೆಗೆದವನು
ಗದ್ದ ಎತ್ತು, ನಗಬೇಡ, ಅಲ್ಲಾಡಬೇಡ ಅಂದಿದ್ದ;
ಅದನ್ನು ನೋಡಿ ಮಗಳು
"ಇದು ಯಾರಪ್ಪ?" ಅಂತ ನನ್ನನ್ನೇ ಕೇಳಿದ್ದಳು.

"ಯಾವುದನ್ನು ಕಟ್ಟಲಿ?"
ಮಜ್ಲಿಸಿಗೆ ಬರುವವರಿಗೆ ಅಚ್ಚೇ ಚೆಂದ, ಅಂದ.
ಬಾಗಿಲ ತನಕ ಹೋಗಿ ತಿರುಗಿ ಬಂದ.
"ಇವನನ್ನು ಅದರ ಬೆನ್ನಿಗೆ ಹಾಕು. ಗೋಡೆಗೆ ಮುಖ ಮಾಡಿ.
ಗಾಜು ಇವನಿಗೂ ಹಾಕು. ತೆಳ್ಳಗಿನದು ಬೇಡ."

ಹಾಕಿದೆ. ಆಮ್ಲವಿಲ್ಲದ ರಟ್ಟು,
ಹಾಳೆಗೂ ಗಾಜಿಗೂ ನಡುವೆ ಗಾಳಿಯಾಡಲು ಕಡ್ಡಿಯಷ್ಟು ಜಾಗ.
ಸಂಜೆ ಒಯ್ಯಲು ಬಂದವನು ಎತ್ತಿ ನೋಡಿ, ಭಾರ, ಅಂದ.
ಒಂದು ಮೊಳೆ ಸಾಲದು, ಅಂದೆ.
ಎರಡು ಹೊಡೆಸಿ.