ಕನ್ನಡಿಯ ಮೇಲಿನ ಹೊತ್ತು

ಅಕಿತಾದ ಹಿಮ ಕಿಟಕಿಯ ಅರ್ಧಕ್ಕೆ ಏರಿತ್ತು ಆ ಬೆಳಗು.
ಇಗರಾಶಿ ಗೆಂಪಾಚಿ ಎಂದಿನ ಹಾಗೆ
ಬೂಟು ಕೊಡವಿ ಒಳಗೆ ಬಂದ.
ಹೆಂಡತಿ ಯಾಸುಯೆ ಹೊಗೆಯಲ್ಲಿ ಒಣಗಿಸಿ
ಉಪ್ಪಿಗಿಟ್ಟ ಮೂಲಂಗಿಯ ಪೊಟ್ಟಣ
ನನ್ನ ಬಾಚಣಿಗೆಗಳ ಪಕ್ಕ ಇಟ್ಟು, ಕುರ್ಚಿಗೊರಗಿದ.
ಮೂವತ್ತೊಂದು ವರ್ಷದಿಂದ ಅವನ ಗಲ್ಲ ನನ್ನ ಕತ್ತಿಗೆ ಗೊತ್ತು:
ಗದ್ದದ ಕೆಳಗೊಂದು ಸುಳಿ, ಕಿವಿಯ ಬಳಿ ಹಳೇ ಗಾಯ.

ಕ್ಷೌರದವಳು ಮುಖವನ್ನು ನೇರ ನೋಡುವುದಿಲ್ಲ,
ಕನ್ನಡಿಯಲ್ಲಿ ನೋಡುತ್ತಾಳೆ.
ಕನ್ನಡಿಯಲ್ಲಿ ಅವನು ನಕ್ಕ.
ಅರ್ಧ ನಕ್ಕ.
ಇನ್ನರ್ಧ, ಗುರುತಿಲ್ಲದವರ ಸಾವಿಗೆ ಬಂದಂತೆ
ಸುಮ್ಮನೆ ಕೂತಿತ್ತು.
ನೊರೆ ತುಟಿಯಂಚಿನಿಂದ ಜಾರಿ
ಕೊರಳ ಬಟ್ಟೆಗೆ ತೊಟ್ಟಿಕ್ಕಿತು.

ಕತ್ತಿ ಮಡಚಿದೆ.
ಎರಡೂ ಕೈ ಎತ್ತು, ಎಂದೆ.
ಬಲಗೈ ಎದ್ದು ನಿಂತಿತು.
ಎಡಗೈ ಎದ್ದು, ಯಾಕೆ ಎದ್ದೆನೆಂಬುದು ಮರೆತು, ಇಳಿಯಿತು.
ಹೊರಗೆ ಏನು ಬೀಳುತ್ತಿದೆ, ಹೇಳು ಗೆಂಪಾಚಿ?
ಅವನ ಬಾಯಲ್ಲಿ ಒದ್ದೆ ಹತ್ತಿಯಂಥದೇನೋ ಹೊರಳಿತು.

ಚೂರು ಮಲಗುತ್ತೇನೆ, ಎಂದು ಕಣ್ಣಲ್ಲೇ ಅಂದ.
ಬೇಡ. ನಮ್ಮಪ್ಪ ಹಾಗೆಯೇ ಮಲಗಿದ್ದ.
ಗಾಳಿ ಹೊಡೆಯಿತು, ಅಂದಿತ್ತು ಊರು.
ಯಾವ ಗಾಳಿ?
ಬಾಗಿಲು ಹಾಕಿತ್ತು, ದೀಪ ಅಲುಗಿರಲಿಲ್ಲ.
ಮಿದುಳಿನೊಳಗೆ ಎಳೆಯಂಥ ನಾಳವೊಂದು
ಒಡೆಯಿತೋ, ಕಟ್ಟಿಕೊಂಡಿತೋ,
ಬೆಳಗಾದ ಮೇಲೆ ಕೇಳಿ ಏನಾಗಬೇಕಿತ್ತು.

ಆಂಬುಲೆನ್ಸಿಗೆ ಫೋನು ಮಾಡಿ
ಬೆರಳಿಗಂಟಿದ ನೊರೆಯಲ್ಲೇ ಕನ್ನಡಿಯ ಮೇಲೆ ಬರೆದೆ:
ಒಂಬತ್ತು ಹತ್ತು.
ಸ್ಟ್ರೆಚರ್ ತಂದ ಹುಡುಗ ರೋಗಿಗಿಂತ ಮೊದಲು
ಅದನ್ನು ಓದಿದ.
ಹೆಪ್ಪು ಕರಗಿಸುವ ಮದ್ದು ಹೊತ್ತು ಕೇಳುತ್ತದಂತೆ,
ಹೆಸರಲ್ಲ.

ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು.
ಉಪ್ಪೇ ಮೈಯನ್ನು ಎರಡಾಗಿ ಬಗೆದರೆ?
ಯಾಸುಯೆ ಆ ರಾತ್ರಿ ಉಪ್ಪಿನ ಪೀಪಾಯಿಯನ್ನು
ಹಿಮಕ್ಕೆ ಉರುಳಿಸಿದಳು, ಅತ್ತಳು,
ಮತ್ತೆ ಹೋಗಿ ಪೀಪಾಯಿ ಮಾತ್ರ ಎತ್ತಿಕೊಂಡು ಬಂದಳು.

ಈಗ ನನ್ನ ಅಂಗಡಿಯಲ್ಲಿ ಕೂದಲಿಗೆ ಮೊದಲು ತೋಳು.
ಯಂತ್ರ ಬಿಗಿದು, ಉಸಿರುಬಿಟ್ಟು, ಅಂಕಿ ತೋರಿಸುತ್ತದೆ.
ಮೀನಂಗಡಿಯ ತೊಕುಜಿ ಗೊಣಗುತ್ತಾನೆ:
ನೂಡಲ್ಸಿನ ಸಾರು ಬಟ್ಟಲಲ್ಲೇ ಬಿಡಬೇಕೆ?
ಬಿಡು. ಸಿಗರೇಟನ್ನೂ ಬಿಡು.
ಗುಳಿಗೆ ಮಾತ್ರ ಬಿಡಬೇಡ, ತಲೆನೋವಿಲ್ಲದ ದಿನವೂ.
ಒತ್ತಡ ಕದ ತಟ್ಟಿ ಬರುವ ನೆಂಟನಲ್ಲ.

ಹಿಮದಡಿಯಿಂದ ಫುಕಿ ಚಿಗುರು ತಲೆಯೆತ್ತಿದ ದಿನ
ಗೆಂಪಾಚಿ ಕೋಲೂರಿ ಬಂದ.
ಬಿಸಿಲಿನತ್ತ ತಿರುಗಿ,
ಒಂದೊಂದೇ ಅಕ್ಷರ ಹೆಕ್ಕಿ ಜೋಡಿಸುತ್ತ,
"ಹಿ...ಮ" ಎಂದ.
ಮೂರು ತಿಂಗಳ ಹಿಂದಿನ ಪ್ರಶ್ನೆಗೆ ಉತ್ತರ.

ಆಮೇಲೆ ಕೋಲಿನ ತುದಿಯಿಂದ
ಯಂತ್ರವನ್ನು ತೋರಿಸಿದ, ನನ್ನ ತೋಳನ್ನು ತೋರಿಸಿದ.
ಎಲ್ಲರದೂ ಅಳೆದಿದ್ದೆ, ನನ್ನದೊಂದು ಬಿಟ್ಟು.
ನೂರಾ ಅರವತ್ತೆಂಟು.
ಕನ್ನಡಿಯಲ್ಲಿ ಈಗ
ಅವನು ನನ್ನ ಮುಖ ನೋಡುತ್ತಿದ್ದ.